ಪಿನ್ನು ಚುಚ್ಚುವ ಮುನ್ನ ರೂಟರ್ ಒಳಗೊಮ್ಮೆ ಇಣುಕಿ

ನೆಟ್ ಹೋಯ್ತು ಅಂದ ಕೂಡಲೇ ರೂಟರ್ ಬೆನ್ನಿನ ಸಣ್ಣ ತೂತಿಗೆ ಪಿನ್ನು ಚುಚ್ಚುವವರಿದ್ದಾರೆ. ನಮ್ಮ ಮನೆಯಲ್ಲೂ ಒಬ್ಬನಿದ್ದಾನೆ, ಅಕ್ಕನ ಮಗ. ಕಳೆದ ಮಳೆಗಾಲದಲ್ಲಿ ಸೇಫ್ಟಿ ಪಿನ್ ಹಿಡಿದು 10 ಸೆಕೆಂಡ್ ಒತ್ತಿದ. ಬೀದಿಯಲ್ಲಿ ತುಂಡಾಗಿದ್ದ ಕೇಬಲ್ ಸಂಜೆಗೇ ಸರಿಹೋಯಿತು, ನಮಗೆ ಮಾತ್ರ ನೆಟ್ ಬಂದದ್ದು 3 ದಿನದ ನಂತರ. ಆ ತೂತಿನಲ್ಲಿರುವುದು ಆಫ್ ಮಾಡಿ ಆನ್ ಮಾಡುವ ಬಟನ್ ಅಲ್ಲ. ಕನೆಕ್ಷನ್ ಕೊಡಲು ಬಂದ ಹುಡುಗ ತುಂಬಿಸಿಹೋದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲವನ್ನೂ ಅದು ಅಳಿಸಿಹಾಕುತ್ತದೆ.

ಮೊದಲು ದೀಪ ನೋಡಿ. ಫೈಬರ್ ಕನೆಕ್ಷನ್ ಇದ್ದು, ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿದ್ದರೆ ಮನೆಗೆ ಸಿಗ್ನಲ್ಲೇ ಬರುತ್ತಿಲ್ಲ ಎಂದರ್ಥ. ಸೆಟ್ಟಿಂಗ್ಸ್ ಕೆದಕಿ ಪ್ರಯೋಜನವಿಲ್ಲ. ವೈರು ಕಪಾಟಿನ ಹಿಂದೆ ಸಿಕ್ಕಿಕೊಂಡಿದೆಯೇ, ಚೂಪಾಗಿ ಮಡಚಿದೆಯೇ ನೋಡಿ. ಒಳಗಿರುವುದು ಗಾಜಿನ ಎಳೆ, ಬಾಗಿದರೆ ಬೆಳಕು ಸೋರುತ್ತದೆ. ಬಿಚ್ಚಿದ ತುದಿಯೊಳಗೆ ಮಾತ್ರ ಕಣ್ಣಿಟ್ಟು ನೋಡಬೇಡಿ, ಅಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ. ವೈರು ಸರಿಯಿದ್ದೂ ದೀಪ ಕೆಂಪಾಗಿದ್ದರೆ ಕಂಪ್ಲೇಂಟ್ ಕೊಟ್ಟು ಕಾಯುವುದೊಂದೇ ದಾರಿ.

ದೀಪ ಸರಿಯಿದೆಯಾ? ಹಾಗಾದರೆ ಒಳಗೆ ಹೋಗೋಣ. ಸೆಟ್ಟಿಂಗ್ಸ್ ಪೇಜ್ ಇರುವುದು ಆ ಡಬ್ಬಿಯೊಳಗೇ, ಆದ್ದರಿಂದ ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಫೋನನ್ನು ಮನೆಯ ವೈ-ಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ. ರೂಟರ್ ತಿರುಗಿಸಿದರೆ ಅಂಟಿಸಿದ ಚೀಟಿಯಲ್ಲಿ ವಿಳಾಸ ಸಿಗುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಚೀಟಿ ಹರಿದಿದ್ದರೆ ಫೋನಿನ ವೈ-ಫೈ ವಿವರದಲ್ಲಿ ‘ಗೇಟ್‌ವೇ’ ಎದುರು ಇರುವ ಸಂಖ್ಯೆಯೇ ಅದು. ಐಫೋನಿನಲ್ಲಿ ‘ರೂಟರ್’ ಅಂತಲೇ ಇರುತ್ತದೆ.

ಈ ಸಂಖ್ಯೆಯನ್ನು ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಬರೆಯಬೇಕು. ಮೊನ್ನೆ ಚಿಕ್ಕಮ್ಮ ಫೋನ್ ಮಾಡಿ, “ಪೇಜು ಸಿಗ್ತಾ ಇಲ್ಲ ಕಣೋ, ಬ್ರೌಸರ್ ಏನೋ ಹುಡುಕೋಕೆ ಹೋಗ್ತಿದೆ” ಅಂದರು. ಒಂದೊಂದೇ ಅಕ್ಷರ ಓದಿಸಿದೆ. ಚುಕ್ಕಿಯ ಬದಲು ಕಾಮಾ ಹಾಕಿದ್ದರು! ‘ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೆದರಿಸಿದರೂ, ವಿಳಾಸ ಸರಿಯಿದ್ದರೆ ಮುಂದುವರಿಯಿರಿ. ಪಾಸ್‌ವರ್ಡ್ ಕೂಡ ಅದೇ ಚೀಟಿಯಲ್ಲಿರುತ್ತದೆ, ಆದರೆ ಅದು ವೈ-ಫೈ ಪಾಸ್‌ವರ್ಡ್ ಅಲ್ಲ, ಲಾಗಿನ್‌ನದ್ದು. ನಾಲ್ಕೈದು ಸಲ ತಪ್ಪಿದರೆ ಕೆಲವು ರೂಟರ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಒಳಹೊಕ್ಕ ಮೇಲೆ ಏನನ್ನೂ ಮುಟ್ಟುವ ಮೊದಲು ‘ವ್ಯಾನ್’ (WAN, ಅಂದರೆ ಹೊರಗಿನ ನೆಟ್ ಜೋಡಣೆ) ಅಥವಾ ‘ಇಂಟರ್ನೆಟ್’ ಪೇಜಿನ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿನ ಕನೆಕ್ಷನ್ ಪಾಸ್‌ವರ್ಡ್ ಬರೀ ಚುಕ್ಕಿಗಳಾಗಿ ಕಾಣುವುದರಿಂದ ಅದನ್ನು ಕಂಪನಿಯವರನ್ನೇ ಕೇಳಿ ಬರೆದಿಡಿ. ಇಷ್ಟು ಮಾಡಿದ್ದರೆ ನಮಗೆ ಆ 3 ದಿನ ಉಳಿಯುತ್ತಿತ್ತು.

ಈಗ ‘ಸ್ಟೇಟಸ್’ ನೋಡಿ. ವ್ಯಾನ್ ಐಪಿ, ಅಂದರೆ ಹೊರಗಿನ ನೆಟ್‌ನಲ್ಲಿ ರೂಟರ್‌ಗೆ ಸಿಗುವ ವಿಳಾಸದ ಎದುರು 0.0.0.0 ಎಂದಿದ್ದರೆ ರೂಟರ್‌ಗೆ ಕಂಪನಿಯ ಕಡೆಯಿಂದ ಐಪಿ ಸಿಕ್ಕಿಲ್ಲ. ಬಿಲ್ ಬಾಕಿ ಇದೆಯಾ ಎಂದು ಮೊದಲು ನೆನಪಿಸಿಕೊಳ್ಳಿ, ಬಹಳ ಸಲ ಅದೇ ಆಗಿರುತ್ತದೆ. ಸರಿಯಾದ ಐಪಿ ಇದ್ದೂ ಯಾವ ಸೈಟೂ ತೆರೆಯದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿ.

ನೆಟ್ ಇದೆ, ಆದರೆ ಒಳಕೋಣೆಯಲ್ಲಿ ತೆವಳುತ್ತದೆ ಎನ್ನುವವರು ವೈರ್‌ಲೆಸ್ ಪೇಜಿಗೆ ಹೋಗಿ. ಅಲ್ಲಿ ವೈ-ಫೈ ಅಲೆಗಳು ಎರಡು ಬಗೆ. 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ಎದುರಾದರೆ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರೆಲ್ಲ ಒಂದೇ ಚಾನೆಲ್ಲಿನಲ್ಲಿ ಕೂತಿರುತ್ತಾರೆ. 2.4ರಲ್ಲಿ 1, 6, 11 ಈ ಮೂರರಲ್ಲಿ ಒಂದನ್ನೇ ಆರಿಸಿ. ಇವು ಒಂದರ ಮೇಲೊಂದು ಹಾಯುವುದಿಲ್ಲ.

ಹೊರಬರುವಾಗ ಲಾಗಿನ್ ಪಾಸ್‌ವರ್ಡ್ ಬದಲಿಸಿ, ಗ್ಯಾಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ, ಬೇಕಾದ ದಿನವೇ ಫೋನ್ ಮಕ್ಕಳ ಕೈಯಲ್ಲಿರುತ್ತದೆ.