ಕ್ಲಿಕ್ ಎಂದು ಸುಮ್ಮನಾಗುವ ಪುಟ್ಟ ಪಿಸ್ತೂಲು: ದೋಷ ಹುಡುಕುವ ನನ್ನ ಕ್ರಮ

ಟ್ರಿಗರ್ ಎಳೆದರೆ ಕ್ಲಿಕ್ ಅನ್ನುತ್ತದೆ, ಗುಂಡು ಹಾರುವುದಿಲ್ಲ. ಅದೂ ಪ್ರತಿ ಸಲ ಅಲ್ಲ, ಮ್ಯಾಗಜೀನಿಗೆ ಒಂದೋ ಎರಡೋ. ಸ್ಟ್ರೈಕರ್ (ಸ್ಪ್ರಿಂಗ್ ಬಲದಿಂದ ಮುಂದೆ ನುಗ್ಗಿ ತೋಟಾಕ್ಕೆ ಏಟು ಕೊಡುವ ಕಡ್ಡಿ) ಇರುವ 9 ಎಂಎಂ ಪುಟ್ಟ ಪಿಸ್ತೂಲುಗಳಲ್ಲಿ ಈ ದೋಷ ಬಂದಾಗ ಬಹಳ ಜನ ಮೊದಲು ಸ್ಪ್ರಿಂಗ್ ಕೊಳ್ಳಲು ಓಡುತ್ತಾರೆ. ನಾನು ಮೊದಲು ನೋಡುವುದು ಹಾರದೆ ಉಳಿದ ತೋಟಾವನ್ನು. ಏನು ಕೆಟ್ಟಿದೆ ಎಂಬುದರ ಮುಕ್ಕಾಲು ಪಾಲು ಅದರ ಪ್ರೈಮರ್ ಮೇಲೇ, ಅಂದರೆ ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲಿನ ಮೇಲೇ, ಇರುತ್ತದೆ.

ಇದು ಅಮೆರಿಕದಲ್ಲಿ ಸ್ವಂತ ಪಿಸ್ತೂಲನ್ನು ತಾವೇ ಬಿಚ್ಚಿ ನೋಡಿಕೊಳ್ಳುವವರ ಕೆಲಸ. ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ದುರಸ್ತಿಯ ಕಸುಬಿಗೂ ಪರವಾನಗಿ ಕೇಳುತ್ತದೆ. ಊರಿನಲ್ಲಿ ಲೈಸೆನ್ಸ್ ಇರುವವರು ಲಕ್ಷಣ ಗುರುತಿಸಿಕೊಂಡು, ಬಿಚ್ಚುವ ಕೆಲಸವನ್ನು ಪರವಾನಗಿಯುಳ್ಳ ದುರಸ್ತಿಗಾರರಿಗೇ ಒಪ್ಪಿಸಬೇಕು.

ರೇಂಜಿನಲ್ಲಿ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಿರಿ. ಪ್ರೈಮರ್ ತಡವಾಗಿ ಹತ್ತಿಕೊಳ್ಳುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆಮೇಲೆ ಮ್ಯಾಗಜೀನ್ ತೆಗೆದು, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗ) ಎಳೆದು ತೋಟಾ ಹೊರಹಾಕಿ. ಕ್ಲಿಕ್ ಬದಲು ಮೆತ್ತಗೆ 'ಪಫ್' ಎಂದಿದ್ದರೆ ಮುಂದಿನ ಗುಂಡು ಹಾರಿಸಲೇಬಾರದು. ಬುಲೆಟ್ ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ನಳಿಗೆ ಸಿಡಿಯಬಹುದು.

ಈಗ ಪ್ರೈಮರ್ ನೋಡಿ. ಸ್ಟ್ರೈಕರ್ ಏಟಿನ ಗುಳಿ ನಡುವಿನಲ್ಲೇ ಇದ್ದು, ಹಾರಿದ ತೋಟಾಗಳ ಕೇಸುಗಳಲ್ಲಿ (ಲೋಹದ ಕವಚಗಳಲ್ಲಿ) ಇರುವಷ್ಟೇ ಆಳವಾಗಿದ್ದರೆ ತಪ್ಪು ತೋಟಾದ್ದು: ಪ್ರೈಮರ್ ಎಣ್ಣೆ ಕುಡಿದಿದೆ ಅಥವಾ ಒಳಗಿನ ಮದ್ದು ಸರಿಯಿಲ್ಲ. ಗುಳಿ ಆಳವಿಲ್ಲದಿದ್ದರೆ ಸ್ಟ್ರೈಕರ್‌ನ ಹೊಡೆತ ಎಲ್ಲೋ ಸೋರಿಹೋಗುತ್ತಿದೆ. ಗುಳಿ ಒಂದು ಬದಿಗೆ ಸರಿದಿದ್ದರೆ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ ಎಂಬ ಅನುಮಾನ ಬರಬೇಕು, ಏಕೆಂದರೆ ನಳಿಗೆಯ ಹಿಂಬದಿ ಮೇಲೆದ್ದು ಲಾಕ್ ಆಗುವ ಮೊದಲೇ ಏಟು ಬಿದ್ದಿದೆ. ಗುಳಿಯೇ ಇಲ್ಲದಿದ್ದರೆ ಸ್ಟ್ರೈಕರ್ ತುದಿ ಮುರಿದಿರಬಹುದು, ಇಲ್ಲವೇ ಬಿದ್ದಾಗ ಗುಂಡು ಹಾರದಂತೆ ತಡೆಯುವ ಪ್ಲಂಜರ್ ಮೇಲೇಳುತ್ತಿಲ್ಲ. ಅದೇ ತೋಟಾ ಎರಡನೇ ಏಟಿಗೆ ಹಾರುವುದು ತಾವೇ ರೀಲೋಡ್ ಮಾಡಿದ, ಅಂದರೆ ಹಳೆಯ ಕೇಸಿಗೆ ಹೊಸ ಪ್ರೈಮರ್, ಮದ್ದು, ಬುಲೆಟ್ ತುಂಬಿದ ತೋಟಾಗಳಲ್ಲಿ ಸಾಮಾನ್ಯ. ಪ್ರೈಮರ್ ತಳ ಮುಟ್ಟುವಂತೆ ಕೂರದಿದ್ದರೆ ಮೊದಲ ಏಟು ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿಯುತ್ತದೆ. ಕೇಸಿನ ತಳದ ಮೇಲೆ ಬೆರಳು ಸವರಿದರೆ ಪ್ರೈಮರ್ ತುಸು ಒಳಗಿರುವುದು ತಿಳಿಯಬೇಕು, ಉಬ್ಬು ತಾಕಬಾರದು. ಆದ್ದರಿಂದ ಏನನ್ನೂ ಬಿಚ್ಚುವ ಮೊದಲು ಬೇರೆ ಬೇರೆ ತಯಾರಕರ ಕಾರ್ಖಾನೆ ತೋಟಾಗಳನ್ನು ಹಾರಿಸಿ ನೋಡುತ್ತೇನೆ. ಒಂದೇ ತಯಾರಿಕೆಯಲ್ಲಿ ಮಾತ್ರ ದೋಷ ಬಂದರೂ ಪಿಸ್ತೂಲು ನಿರ್ದೋಷಿ ಎಂದಾಗಲಿಲ್ಲ. ಆ ಪ್ರೈಮರ್ ಗಟ್ಟಿಯಿದ್ದು, ಹೊಡೆತ ಅಂಚಿನಲ್ಲಿರಬಹುದು.

ಆಳವಿಲ್ಲದ ಗುಳಿಗೆ ನಾನು ಕಾಣುವ ಮೊದಲ ಕಾರಣ ಸ್ಟ್ರೈಕರ್ ಕೊಳವೆಯಲ್ಲಿನ ಕೊಳೆ. ಹೊಸ ಪಿಸ್ತೂಲಿನಲ್ಲಿ ತುಕ್ಕು ಹಿಡಿಯದಿರಲು ಬಳಿದ ಗ್ರೀಸ್, ಹಳೆಯದರಲ್ಲಿ ಎಣ್ಣೆಯ ಜೊತೆ ಸೇರಿದ ಮಸಿ ಮತ್ತು ಹಿತ್ತಾಳೆಯ ಚೂರು. ಚಳಿಗಾಲದಲ್ಲಿ ಈ ಎಣ್ಣೆ ಇನ್ನೂ ಮಂದವಾಗಿ ಸ್ಟ್ರೈಕರ್‌ನ ವೇಗ ತಗ್ಗಿಸುತ್ತದೆ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಖಾಲಿಯಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ ಸ್ಲೈಡ್ ಬಿಚ್ಚುತ್ತೇನೆ. ಹಿಂಬದಿಯ ಪ್ಲೇಟ್ ಜಾರಿಸುವಾಗ ಹೆಬ್ಬೆರಳನ್ನು ಅಡ್ಡ ಹಿಡಿಯಬೇಕು, ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು. ಒಳಗಿನ ಸ್ಪ್ರಿಂಗ್ ಬಾಣದಂತೆ ಹಾರುತ್ತದೆ. ಸ್ಪ್ರಿಂಗನ್ನು ಹಿಡಿದಿರುವ ಎರಡು ಪುಟ್ಟ ಅರ್ಧ ಬಟ್ಟಲುಗಳು ಕಳೆದುಹೋಗದಂತೆ ತಟ್ಟೆಯಲ್ಲಿಟ್ಟು, ಕೊಳವೆಗೆ ಸಾಲ್ವೆಂಟ್ ಹಾಕಿ, ಎಳೆ ಬಿಡದ ಸ್ವಾಬಿನಿಂದ ಅದು ಬೆಳ್ಳಗೆ ಹೊರಬರುವವರೆಗೆ ಒರೆಸುತ್ತೇನೆ. ಮತ್ತೆ ಎಣ್ಣೆ ಹಾಕುವುದಿಲ್ಲ, ಕೊಳವೆ ಒಣಗಿರಬೇಕು. ಸ್ಪ್ರಿಂಗ್ ಇಲ್ಲದ ಸ್ಟ್ರೈಕರನ್ನು ಒಳಗಿಟ್ಟು, ಪ್ಲಂಜರ್ ಒತ್ತಿಹಿಡಿದು ಸ್ಲೈಡನ್ನು ಓರೆ ಮಾಡಿದರೆ ಅದು ತನ್ನ ತೂಕಕ್ಕೇ ಜಾರಬೇಕು. ಎಲ್ಲಾದರೂ ತಡೆದರೆ ಅಲ್ಲಿ ಇನ್ನೂ ಕೊಳೆಯಿದೆ, ಇಲ್ಲವೇ ಲೋಹದ ಚೂಪಾದ ಅಂಚು ಎದ್ದಿದೆ.

ಸ್ಟ್ರೈಕರ್ ಸ್ಪ್ರಿಂಗಿನ ಸರದಿ ಇದಾದ ಮೇಲೆ. ಟ್ರಿಗರ್ ಹಗುರಾಗಲೆಂದು ಯಾರಾದರೂ ಸ್ಪ್ರಿಂಗ್ ಬದಲಿಸಿದ್ದರೆ ಮೊದಲು ಕಾರ್ಖಾನೆಯದಕ್ಕೆ ಮರಳಬೇಕು. ಕೆಲವು ಮಾದರಿಗಳಲ್ಲಿ 5.5 ಪೌಂಡಿನ ಜಾಗಕ್ಕೆ 4 ಪೌಂಡಿನದು ಕೂತಿರುತ್ತದೆ. ಗುರಿಹಲಗೆಗೆ ಸರಿ, ಗಟ್ಟಿ ಪ್ರೈಮರ್‌ಗೆ ಸಾಲದು. ಆತ್ಮರಕ್ಷಣೆಗೆ ಇಟ್ಟುಕೊಂಡ ಪಿಸ್ತೂಲಿನಲ್ಲಿ ಇಂಥ ಬದಲಾವಣೆಯನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಕಾರ್ಖಾನೆಯದಕ್ಕಿಂತ ಬಿಗಿಯಾದುದನ್ನು ಹಾಕಿದರೂ ತೊಂದರೆ. ಟ್ರಿಗರ್ ಎಳೆದಾಗಲೇ ಸ್ಟ್ರೈಕರ್ ಪೂರ್ತಿ ಹಿಂದೆ ಹೋಗುವ ವಿನ್ಯಾಸದಲ್ಲಿ ಆ ಎಳೆತ ಸ್ಲೈಡನ್ನೂ ಹಿಂದಕ್ಕೆ ಸೆಳೆಯುತ್ತದೆ. ಸ್ಲೈಡನ್ನು ಮುಂದಕ್ಕೆ ತಳ್ಳಿ ಮುಚ್ಚುವ ರಿಕಾಯ್ಲ್ ಸ್ಪ್ರಿಂಗ್ ಸವೆದಿದ್ದರೆ ಅದನ್ನು ತಡೆದು ನಿಲ್ಲಿಸಲಾರದು.

ಪುಟ್ಟ ಪಿಸ್ತೂಲಿನಲ್ಲಿ ಈ ರಿಕಾಯ್ಲ್ ಸ್ಪ್ರಿಂಗ್ ದೊಡ್ಡದಕ್ಕಿಂತ ಬೇಗ ಸೋಲುತ್ತದೆ. ಜಾಗ ಕಡಿಮೆ, ಒತ್ತಡ ಹೆಚ್ಚು. ಪರೀಕ್ಷೆ ಸುಲಭ: ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ಹಿಡಿದು, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆಯಿರಿ. ನಳಿಗೆ ಮೇಲಕ್ಕಿರುವಂತೆ 45 ಡಿಗ್ರಿ ಓರೆಯಲ್ಲಿ ಹಿಡಿದು, ಕೈಯಾಸರೆಯಲ್ಲೇ ನಿಧಾನವಾಗಿ ಬಿಡಿ. ಸ್ಲೈಡ್ ತಾನೇ ಪೂರ್ತಿ ಮುಚ್ಚಬೇಕು. ಕೂದಲೆಳೆಯಷ್ಟು ನಿಂತರೂ ಸ್ಪ್ರಿಂಗ್ ಬದಲಿಸಿ. ಸ್ಪ್ರಿಂಗ್ ಹೊಸದಾದ ಮೇಲೂ ಸ್ಲೈಡ್ ಮುಚ್ಚದಿದ್ದರೆ ಚೇಂಬರಿನ ಮಸಿ, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗಿನ ಕೊಳೆ ನೋಡಬೇಕು. ರೀಲೋಡ್ ತೋಟಾ ಆದರೆ ಕೇಸಿನ ಉದ್ದವನ್ನೂ ಅಳೆಯಬೇಕು. 9 ಎಂಎಂ ತೋಟಾ ಚೇಂಬರಿನಲ್ಲಿ ಕೇಸಿನ ಬಾಯಿಯ ಮೇಲೆ ನಿಲ್ಲುತ್ತದೆ. ಗರಿಷ್ಠ ಉದ್ದ 19.15 ಮಿಮೀ ಮೀರಿದರೆ ಸ್ಲೈಡ್ ಮುಚ್ಚದೆ ಉಳಿಯಬಹುದು. ಬಾಯಿಯನ್ನು ಅತಿಯಾಗಿ ಕ್ರಿಂಪ್ ಮಾಡಿದರೆ (ಒಳಕ್ಕೆ ಅದುಮಿದರೆ) ತೋಟಾ ಮುಂದೆ ಜಾರಿ ಏಟು ಹಗುರವಾಗುತ್ತದೆ.

ಕೆಲವು ಕಡೆ ಕೈಯಿಡಲೇಬಾರದು. ಪ್ಲಂಜರನ್ನು ಅರದಿಂದ ಉಜ್ಜುವುದು, ಸ್ಪ್ರಿಂಗಿನ ಸುರುಳಿ ಕತ್ತರಿಸುವುದು, ಸ್ಟ್ರೈಕರನ್ನು ಹಿಂದೆ ಹಿಡಿದಿಡುವ ಸಿಯರ್ ಕೊಕ್ಕೆಗೆ ಪಾಲಿಶ್ ಹಾಕುವುದು: ಇವು ಹಾರದ ಪಿಸ್ತೂಲನ್ನು, ಬಿದ್ದಾಗ ತಾನೇ ಹಾರುವ ಪಿಸ್ತೂಲಾಗಿಸುತ್ತವೆ. ಜೋಡಿಸಿದ ಮೇಲೆ, ಪ್ಲಂಜರ್ ಒತ್ತದೆ ಸ್ಟ್ರೈಕರನ್ನು ಮುಂದಕ್ಕೆ ತಳ್ಳಿ ನೋಡಿ. ತುದಿ ಹೊರಗೆ ಇಣುಕಿದರೆ ಆ ಪಿಸ್ತೂಲು ನೇರ ಗನ್‌ಸ್ಮಿತ್ ಬಳಿಗೆ ಹೋಗಬೇಕು.

ಕೊನೆಗೆ ಪೆನ್ಸಿಲ್ ಪರೀಕ್ಷೆ. ಖಾಲಿ ಪಿಸ್ತೂಲನ್ನು ಮತ್ತೊಮ್ಮೆ ಪರೀಕ್ಷಿಸಿ, ರಬ್ಬರ್ ತುದಿ ಕೆಳಗಿರುವಂತೆ ನಳಿಗೆಗೆ ಪೆನ್ಸಿಲ್ ಇಳಿಸಿ, ಸುರಕ್ಷಿತ ದಿಕ್ಕಿನಲ್ಲಿ ಮೇಲಕ್ಕೆ ಹಿಡಿದು ಟ್ರಿಗರ್ ಎಳೆದರೆ ಪೆನ್ಸಿಲ್ ಚಿಮ್ಮಿ ಹೊರಬರಬೇಕು. ಇದು ಹೊಡೆತದ ಅಂದಾಜು ಮಾತ್ರ. ಆಮೇಲೆ ರೇಂಜಿನಲ್ಲಿ, ನಿತ್ಯ ಬಳಸುವ ತೋಟಾ ಸೇರಿದಂತೆ ಕನಿಷ್ಠ 200 ಗುಂಡು ಹಾರಿಸಿ, ಖಾಲಿ ಕೇಸುಗಳ ಗುಳಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತೇನೆ. ಬದಲಾವಣೆ ಒಮ್ಮೆಗೆ ಒಂದೇ ಇರಬೇಕು. ಶುಚಿ ಮಾಡಿದ ದಿನವೇ ಎರಡೂ ಸ್ಪ್ರಿಂಗ್ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ಈ 200 ಗುಂಡುಗಳೂ ಹೇಳಲಾರವು.