ಪೆಟ್ರೋಲ್ ಖರ್ಚು ಇಳಿಸಲು ನಾನು ಮಾಡಿದ್ದು

ಪೆಟ್ರೋಲ್ ದರ ನಮ್ಮ ಕೈಯಲ್ಲಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರಿಗೆ ಒಂದೇ ಸಲ 3 ರೂಪಾಯಿ ಹೆಚ್ಚಾಗಿ 102 ದಾಟಿತು. ಬಂಕಿನಲ್ಲಿ ನಿಂತು ಬೈದುಕೊಂಡರೆ ಏನು ಬಂತು? ನಾನು ಲೆಕ್ಕ ಹಿಡಿಯೋಕೆ ಶುರು ಮಾಡಿದೆ.

ಲೆಕ್ಕ ಸುಲಭ. ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತರಬೇಕು. ಮುಂದಿನ ಸಲ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಬೇಕು. ಎರಡು ಸಲವೂ ಅದೇ ಬಂಕ್, ಅದೇ ಪಂಪ್ ಆದರೆ ಒಳ್ಳೇದು. ನನ್ನ ಬೈಕ್ ಸುಮಾರು 50 ಕೊಡುತ್ತದೆ, ಕಾರು ಸಿಟಿ ಟ್ರಾಫಿಕ್‌ನಲ್ಲಿ 12. ಅಂದರೆ ಲೀಟರಿಗೆ 103ರ ಲೆಕ್ಕದಲ್ಲಿ ಬೈಕಿಗೆ ಕಿಲೋಮೀಟರಿಗೆ 2 ರೂಪಾಯಿ, ಕಾರಿಗೆ ಎಂಟೂವರೆ. ಒಂದು ಕಿಲೋಮೀಟರ್ ದೂರದ ಅಂಗಡಿಯಿಂದ ಅರ್ಧ ಲೀಟರ್ ಹಾಲು ತರೋಕೆ ಕಾರು ತೆಗೆದರೆ ಪೆಟ್ರೋಲಿಗೇ 17 ರೂಪಾಯಿ! ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಇಂಥ ಓಡಾಟಕ್ಕೆ ನಿಜಕ್ಕೂ ಇನ್ನೂ ಜಾಸ್ತಿ ಕುಡಿಯುತ್ತದೆ. ಈಗ ಹಾಲು, ತರಕಾರಿ, ಔಷಧಿ ಎಲ್ಲ ಆಫೀಸಿನಿಂದ ಬರುವ ದಾರಿಯಲ್ಲೇ.

ಮೆಟ್ರೋ ಯಾವಾಗಲೂ ಅಗ್ಗ ಅಂದ್ಕೋಬೇಡಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 90 ರೂಪಾಯಿ ಆಯಿತು. ಅಷ್ಟೇ ದೂರ ಬೈಕಿನಲ್ಲಿ ಹೋದರೆ ಪೆಟ್ರೋಲ್ ಲೆಕ್ಕದಲ್ಲಿ ಬೈಕೇ ಗೆಲ್ಲುತ್ತದೆ. ಆದರೆ ಒಬ್ಬರೇ ಕಾರಿನಲ್ಲಿ ಹೋಗುವವರಿಗೆ ಮೆಟ್ರೋ ಅರ್ಧಕ್ಕಿಂತ ಕಡಿಮೆ. ಪಾರ್ಕಿಂಗ್ ದುಡ್ಡು ಬೇರೆ ಉಳಿಯುತ್ತದೆ. ಮನೆಯ ಹೆಂಗಸರಿಗಂತೂ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗಿಂತ ಅಗ್ಗದ್ದು ಯಾವುದಿದೆ?

ಗಾಡಿಯ ವಿಷಯದಲ್ಲಿ ಫಲ ಕೊಟ್ಟಿದ್ದು ಗಾಳಿ. ಟೈರ್ ತಣ್ಣಗಿರುವಾಗ, ಕಂಪನಿಯ ಸ್ಟಿಕ್ಕರ್‌ನಲ್ಲಿರುವಷ್ಟೇ ಹಾಕಿಸುತ್ತೇನೆ. ಕಾರಿನದ್ದು ಚಾಲಕನ ಬಾಗಿಲ ಚೌಕಟ್ಟಿನ ಮೇಲಿದೆ. ಗಾಳಿ ಹಾಕುವ ಹುಡುಗ ಕೇಳದೇ ಎಲ್ಲಕ್ಕೂ ಒಂದೇ ಅಳತೆ ಹೊಡೆಯುತ್ತಾನೆ, ಸುಮ್ನೆ ನಿಲ್ಲಬೇಡಿ, ಅಂಕಿ ನೀವೇ ಹೇಳಿ. ಉದ್ದದ ಸಿಗ್ನಲ್‌ಗಳಲ್ಲಿ ಎಂಜಿನ್ ಆಫ್. ಮೈಲೇಜ್ ಹೆಚ್ಚಿಸುತ್ತೆ ಅಂತ ಮಾರುವ ಬಾಟಲಿಗಳನ್ನು ನಾನು ಮುಟ್ಟುವುದಿಲ್ಲ. ಮುಂಜಾನೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತೆ ಅನ್ನೋದೂ ಕಟ್ಟುಕಥೆಯೇ. ಟ್ಯಾಂಕ್ ನೆಲದಡಿ ಇರುತ್ತದೆ, ಅಲ್ಲಿ ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸ ಅಷ್ಟಕ್ಕಷ್ಟೇ.

ಅಳತೆ ಬಗ್ಗೆ ಅನುಮಾನ ಬಂದರೆ ಜಗಳ ಬೇಡ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಬೇಕು. ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ.

ಎಲ್ಲಕ್ಕಿಂತ ಹೆಚ್ಚು ಉಳಿಸಿದ್ದು ಮಾತ್ರ ಕಾರು ಹಂಚಿಕೊಂಡದ್ದು. ಒಂದೇ ಬಡಾವಣೆಯ ನಾವು ನಾಲ್ವರು ವಾರಕ್ಕೊಬ್ಬರ ಕಾರಿನಲ್ಲಿ ಹೋಗುತ್ತೇವೆ. ದುಡ್ಡಿನ ಲೆಕ್ಕವೇ ಇಲ್ಲ, ಬರೀ ಸರದಿ. ಐದು ನಿಮಿಷ ಕಾಯುತ್ತೇವೆ. ಆಮೇಲೂ ಬರದಿದ್ದರೆ ಅವರು ಆಟೋ ಹಿಡಿಯಬೇಕು.