ಗುರುವಿನ ಉಪಗ್ರಹಗಳನ್ನು ದುರ್ಗದಿಂದ ಗುರುತಿಸುವ ಕ್ರಮ

ಚಿತ್ರದುರ್ಗದ ಬೀದಿದೀಪಗಳಿಂದ ತುಸು ದೂರವಿರುವ ಹೊಲದ ಬದುವಾದರೂ ಸರಿ, ಮನೆಯ ತಾರಸಿಯಾದರೂ ಸರಿ, ಗುರು ಗ್ರಹದ ನಾಲ್ಕು ದೊಡ್ಡ ಉಪಗ್ರಹಗಳನ್ನು ಕಾಣಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಬೈನಾಕ್ಯುಲರ್ ಸಾಕು. ಮಿನುಗದೆ ನಿಶ್ಚಲವಾಗಿ ಹೊಳೆಯುವ ಗುರುವನ್ನು ಶುಕ್ರನೆಂದು ತಿಳಿಯಬಾರದು. ಶುಕ್ರನು ನಡುರಾತ್ರಿ ನೆತ್ತಿಯ ಮೇಲೆ ಎಂದೂ ಬರುವುದಿಲ್ಲ.

ಕೈ ನಡುಗಿದರೆ ಏನೂ ಕಾಣದು. ಆದ್ದರಿಂದ ಮೊಣಕೈಗಳನ್ನು ತಾರಸಿಯ ಗೋಡೆಗೆ ಊರಿ, ಉಸಿರು ಬಿಗಿಹಿಡಿದು ನೋಡಿ. ಗ್ರಹದ ಅಕ್ಕಪಕ್ಕ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಸೂಜಿಮೊನೆಯಂಥ ಚುಕ್ಕೆಗಳು ತೋರುತ್ತವೆ. ನೋಟ್‌ಬುಕ್ಕಿನಲ್ಲಿ ವೃತ್ತವೊಂದನ್ನು ಬರೆದು, ಚುಕ್ಕೆಗಳ ಸ್ಥಾನ, ದಿನಾಂಕ, ಸಮಯಗಳನ್ನು ಅಲ್ಲಿಯೇ ಗುರುತಿಸಿಕೊಳ್ಳಿ. ಈ ಚುಕ್ಕೆಗಳೇ ಉಪಗ್ರಹಗಳು; ಅವುಗಳಲ್ಲಿ ಅಯೋ ಎಂಬುದು ಸುಮಾರು 42 ಗಂಟೆಗಳಲ್ಲಿಯೂ ಕ್ಯಾಲಿಸ್ಟೊ ಎಂಬುದು ಸುಮಾರು 17 ದಿನಗಳಲ್ಲಿಯೂ ಗುರುವಿನ ಸುತ್ತು ಮುಗಿಸುವುದರಿಂದ ಮರುರಾತ್ರಿಯ ಚಿತ್ರ ಬೇರೆಯೇ ಆಗಿರುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೊ ಗಮನಿಸಿದ್ದೂ ಈ ಸ್ಥಾನಪಲ್ಲಟವನ್ನೇ. ಮೂರೇ ಕಂಡರೆ ಗಾಬರಿ ಬೇಡ, ನಾಲ್ಕನೆಯದು ಗ್ರಹದ ಮುಂದೆಯೋ ಹಿಂದೆಯೋ ಇರಬಹುದು.

ಕೊನೆಗೆ ಆಕಾಶಾಸಕ್ತರಿಗೊಂದು ಎಚ್ಚರಿಕೆ: ನಮ್ಮ ಚಂದ್ರನಲ್ಲಿ ನಿವೇಶನ ಕೊಡಿಸುವುದಾಗಿ ಯಾರಾದರೂ ಕಾಗದಪತ್ರ ತೋರಿಸಿದರೆ ಹಣ ಕೊಡಬೇಡಿ. ಭಾರತವೂ ಒಪ್ಪಿರುವ 1967ರ ಬಾಹ್ಯಾಕಾಶ ಒಪ್ಪಂದದಂತೆ ಚಂದ್ರನೂ ಸೇರಿ ಯಾವ ಆಕಾಶಕಾಯದ ಮೇಲೂ ಯಾವ ರಾಷ್ಟ್ರವೂ ಒಡೆತನ ಸಾಧಿಸುವಂತಿಲ್ಲ. ರಾಷ್ಟ್ರಕ್ಕೇ ಇಲ್ಲದ ನೆಲದ ಹಕ್ಕನ್ನು ನೋಂದಾಯಿಸಿಕೊಡಬಲ್ಲ ಕಚೇರಿ ಎಲ್ಲಿಯೂ ಇಲ್ಲ. ಅಲ್ಲಿಂದ ಅಗೆದು ತೆಗೆದ ಖನಿಜ ಯಾರದೆಂಬುದು ಮಾತ್ರ ಇನ್ನೂ ವಿವಾದದಲ್ಲಿದೆ. ಅದನ್ನು ಮನುಕುಲದ ಸಮಾನ ಸ್ವತ್ತೆನ್ನುವ 1979ರ ಚಂದ್ರ ಒಪ್ಪಂದಕ್ಕೆ ಭಾರತ ಸಹಿ ಹಾಕಿದೆಯಾದರೂ ಅದನ್ನು ಅನುಮೋದಿಸಿಲ್ಲ.